ಅವರ ಏರಿ, ನಮ್ಮ ಕೆರೆ: ವೇಡಂತಾಂಗಲ್‌ನಿಂದ ಉತ್ತಿರಮೇರೂರಿನ ತನಕ

ಚೆನ್ನೈಗೆ ಕೆಲಸಕ್ಕೆ ಬಂದ ಕನ್ನಡದವರ ತಲೆಯನ್ನ ಮೊದಲ ವರ್ಷ ಗಿರ್ರನೆ ತಿರುಗಿಸುವ ಪದ ಒಂದಿದೆ: ಏರಿ. ನಮ್ಮ ಕಡೆ ಏರಿ ಅಂದರೆ ಕೆರೆಯ ನೀರಿಗೆ ಅಡ್ಡ ಹಾಕಿದ ಮಣ್ಣಿನ ದಿಬ್ಬ. ಅದರ ಮೇಲೆ ಗಾಡಿ ಹೋಗತ್ತೆ, ಸಂಜೆ ಹೊತ್ತು ಹುಡುಗರು ಕೂತು ಹರಟೆ ಹೊಡೀತಾರೆ. ಇಲ್ಲಿ ಏರಿ ಅಂದರೆ ಕೆರೆಯೇ. ಪೋರೂರು ಏರಿ, ಚೆಂಬರಂಬಾಕ್ಕಂ ಏರಿ. ಹಾಗಾದರೆ ದಿಬ್ಬಕ್ಕೆ ಏನಂತಾರೆ? ಕರೈ. ನಾವು ‘ಕೆರೆ ಏರಿ’ ಅನ್ನೋದನ್ನೇ ಅವರು ‘ಏರಿ ಕರೈ’ ಅಂತಾರೆ. ನೀರಿನ ಹೆಸರು ಮಣ್ಣಿಗೆ, ಮಣ್ಣಿನ ಹೆಸರು ನೀರಿಗೆ. ನಮ್ಮ ತೂಬು ಅವರಿಗೆ ತೂಂಬು, ನಮ್ಮ ಮದಗ ಅವರಿಗೆ ಮದಗು. ಒಂದೇ ಕಸುಬು ಕಲಿತ ಅಣ್ಣತಮ್ಮಂದಿರು ಬೇರೆ ಬೇರೆ ಮನೆ ಮಾಡಿಕೊಂಡ ಹಾಗಿದೆ.

ಇವತ್ತು ಮಾತಾಡೋದು ಈ ಏರಿಗಳ ಬಗ್ಗೆ. ಚೆನ್ನೈನಿಂದ ಎಂಬತ್ತು ಕಿಲೋಮೀಟರ್ ಒಳಗೆ ಇರುವ ವೇಡಂತಾಂಗಲ್ ಪಕ್ಷಿಧಾಮಕ್ಕೆ ನಮ್ಮಲ್ಲಿ ಬಹಳ ಜನ ಹೋಗಿರ್ತೀರಿ. ಆಫೀಸಿನ ಟೀಮ್ ಔಟಿಂಗ್ ಅಂದರೆ ಮಹಾಬಲಿಪುರ, ಇಲ್ಲಾಂದ್ರೆ ಇದು. ಹೋಗ್ತಾರೆ, ವಾಚ್ ಟವರ್ ಹತ್ತುತ್ತಾರೆ, ದೂರದಲ್ಲಿ ಬಿಳಿ ಚುಕ್ಕೆಗಳ ಫೋಟೋ ತೆಗೀತಾರೆ, ಹೈವೇಯಲ್ಲಿ ಇಡ್ಲಿ ತಿಂದು ವಾಪಸ್ ಬರ್ತಾರೆ. ನಾನು ಹೇಳೋದಿಷ್ಟೇ: ಆ ಟವರ್‌ನಿಂದ ಇಳಿದ ಮೇಲೆ ಅದೇ ದಿನ ಇನ್ನೆರಡು ಊರು ನೋಡಿ. ಮದುರಾಂತಕಂ ಮತ್ತು ಉತ್ತಿರಮೇರೂರು. ಆ ಹಕ್ಕಿಗಳು ಅಲ್ಲಿ ಯಾಕಿವೆ ಅನ್ನೋದು ಈ ಮೂರೂ ಸೇರಿದರೆ ಮಾತ್ರ ಅರ್ಥ ಆಗತ್ತೆ.

ನಾನು ಹೋದದ್ದು ಜನವರಿಯ ಒಂದು ಶನಿವಾರ. ತಾಂಬರಂ, ಚೆಂಗಲ್ಪಟ್ಟು, ಪಾಲಾರ್ ನದಿಯ ಸೇತುವೆ, ಆಮೇಲೆ ಪಡಾಳಂ ಹತ್ತಿರ ಬಲಕ್ಕೆ ತಿರುಗಿದರೆ ಭತ್ತದ ಗದ್ದೆಗಳ ನಡುವಿನ ರಸ್ತೆ. ಬೆಳಗ್ಗೆ ಆರೂವರೆಗೆ ಕಟ್ಟೆಯ ಮೇಲೆ ನಿಂತಾಗ ಮೊದಲು ಬಂದದ್ದು ವಾಸನೆ, ಆಮೇಲೆ ಸದ್ದು, ಕೊನೆಗೆ ನೋಟ. ನೀರಿನಲ್ಲಿ ಅರ್ಧ ಮುಳುಗಿ ನಿಂತ ಮರಗಳು, ಹೆಚ್ಚಿನವು ಬ್ಯಾರಿಂಗ್ಟೋನಿಯಾ, ಜೊತೆಗೆ ಕರಿಜಾಲಿ. ಒಂದೊಂದು ಮರವೂ ಒಂದೊಂದು ಅಪಾರ್ಟ್‌ಮೆಂಟ್. ಬಾಯ್ಕಳಕ, ಬಣ್ಣದ ಕೊಕ್ಕರೆ, ಚಮಚಕೊಕ್ಕು, ಬಿಳಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ, ಹೆಜ್ಜಾರ್ಲೆ. ಇರುಳು ಬಕಗಳು ನೈಟ್ ಶಿಫ್ಟ್ ಮುಗಿಸಿ ಬಂದವರ ಹಾಗೆ ಕುತ್ತಿಗೆ ಒಳಗೆಳೆದುಕೊಂಡು ಕೂತಿದ್ದವು.

ಈಗ ಒಂದು ವಿಷಯ ಗಮನಿಸಿ. ‘ಪಕ್ಷಿಧಾಮ’ ಅಂದಕೂಡಲೇ ಕಾಡು, ಪ್ರಕೃತಿ, ಮನುಷ್ಯನ ಕೈ ಸೋಕದ ಜಾಗ ಅಂತ ಮನಸ್ಸಿಗೆ ಬರತ್ತೆ. ಇದು ಅದಲ್ಲವೇ ಅಲ್ಲ. ಇದು ಸುಮಾರು 30 ಹೆಕ್ಟೇರಿನ ನೀರಾವರಿ ಕೆರೆ. ಜನ ಕಟ್ಟಿದ್ದು, ಗದ್ದೆಗೆ ನೀರು ಹಾಯಿಸೋಕೆ. ಹೆಸರಿನಲ್ಲೇ ಇದೆ ನೋಡಿ. ವೇಡನ್ ಅಂದರೆ ಬೇಡ, ಬೇಟೆಗಾರ. ತಾಂಗಲ್ ಅನ್ನೋದಕ್ಕೆ ತಂಗುವ ಜಾಗ, ಬೇಡರ ಹಟ್ಟಿ ಅಂತ ಅರ್ಥ ಹೇಳೋದು ರೂಢಿ. ಆದರೆ ತಮಿಳಿನಲ್ಲಿ ತಾಂಗಲ್ ಅಂದರೆ ನೀರು ತಡೆದು ನಿಲ್ಲಿಸುವ ಸಣ್ಣ ಕೆರೆ ಅಂತಲೂ ಅರ್ಥ ಇದೆ. ಚೆನ್ನೈ ಲೋಕಲ್ ಟ್ರೈನಿನಲ್ಲಿ ಪಳವಂತಾಂಗಲ್ ಸ್ಟೇಷನ್ ದಾಟುವಾಗ ನೆನಪಿಸಿಕೊಳ್ಳಿ. ಅಲ್ಲಿ ಕೆರೆ ಎಲ್ಲಿದೆ ಅಂತ ಮಾತ್ರ ಕೇಳಬೇಡಿ.

ಈ ಸೀಮೆಯಲ್ಲಿ ಬೇಸಿಗೆಯಲ್ಲೂ ಹರಿಯುವ ನದಿ ಇಲ್ಲ. ಪಾಲಾರ್ ವರ್ಷದ ಬಹುಕಾಲ ಮರಳೇ. ಅಕ್ಟೋಬರಿನಿಂದ ಡಿಸೆಂಬರಿನ ತನಕ ಹಿಂಗಾರು ಸುರಿದದ್ದೇ ಬಂಡವಾಳ. ಅದನ್ನ ಹಿಡಿದಿಡೋಕೆ ಇಳಿಜಾರಿನ ಉದ್ದಕ್ಕೂ ಒಂದರ ಕೆಳಗೊಂದು ಕೆರೆ. ಮೇಲಿನದು ತುಂಬಿ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ನಮ್ಮ ಕೋಲಾರ, ತುಮಕೂರಿನವರಿಗೆ ಇದನ್ನ ವಿವರಿಸಬೇಕಾಗಿಲ್ಲ. ಇಂಥ ಸರಣಿಯಲ್ಲಿ ಒಂದು ಕೆರೆ ಹಾಳಾದರೆ ಅದರ ಕೆಳಗಿನವೂ ಹಾಳು. ಅಂದರೆ ಕೆರೆ ಕಾಯೋದು ಯಾವತ್ತೂ ಒಂದೇ ಊರಿನ ಕೆಲಸ ಆಗಿರಲಿಲ್ಲ.

ಹಕ್ಕಿಗಳ ಲೆಕ್ಕ ಇದಕ್ಕೆ ಹೇಗೆ ಸೇರತ್ತೆ? ಬಾಯ್ಕಳಕದ ಊಟ ಮುಖ್ಯವಾಗಿ ಗದ್ದೆಯ ಬಸವನಹುಳು. ಅದರ ಕೊಕ್ಕಿನ ನಡುವೆ ಸಂದು ಇದೆಯಲ್ಲ, ಚಿಪ್ಪಿನಿಂದ ಹುಳುವನ್ನ ಹೊರಗೆ ಎಳೆಯೋಕೆ ಆ ಕೊಕ್ಕೇ ಸಾಧನ. ಹಗಲು ಸುತ್ತಲಿನ ಗದ್ದೆ, ಹೊಂಡಗಳಲ್ಲಿ ಮೇದು ಸಂಜೆ ಮರಕ್ಕೆ ಬರುವ ಸಾವಿರಾರು ಹಕ್ಕಿಗಳ ಹಿಕ್ಕೆ ನೀರಿಗೆ ಬೀಳತ್ತೆ. ಆ ನೀರು ತೂಬಿನಿಂದ ಮತ್ತೆ ಗದ್ದೆಗೆ. ಸಾರಜನಕ ತುಂಬಿದ ನೀರು, ಬಿಟ್ಟಿ ಗೊಬ್ಬರ. ಅಲ್ಲಿ ಚಹಾ ಕುಡಿಯುವಾಗ ಸಿಕ್ಕ ಒಬ್ಬ ಹಿರಿಯ ರೈತರು, “ಅಂಗಡಿ ಗೊಬ್ಬರ ಎಲ್ಲರಿಗೂ ಸಿಗತ್ತೆ ತಂಬಿ, ಈ ನೀರು ಈ ಕೆರೆ ಕೆಳಗಿನವರಿಗೆ ಮಾತ್ರ” ಅಂದರು. ಅವರ ದನಿಯಲ್ಲಿ ಹಕ್ಕಿಪ್ರೇಮಕ್ಕಿಂತ ಆಸ್ತಿಯ ಹೆಮ್ಮೆ ಹೆಚ್ಚಿತ್ತು. ನನಗೆ ಅದೇ ಸರಿ ಅನ್ನಿಸಿತು. ಪ್ರೇಮಕ್ಕಿಂತ ಪಾಲು ಗಟ್ಟಿ.

ಆ ಪಾಲು ಕಾಗದಕ್ಕೆ ಬಂದ ವರ್ಷ 1798 ಅಂತ ಊರವರೂ ಹೇಳ್ತಾರೆ, ಪಕ್ಷಿಧಾಮದ ಬಗ್ಗೆ ಬರೆದವರೆಲ್ಲರೂ ಬರೀತಾರೆ. ಕಂಪನಿ ಸರ್ಕಾರದ ಸಿಪಾಯಿಗಳು ಇಲ್ಲಿಗೆ ಬಂದು ಹಕ್ಕಿ ಹೊಡೀತಿದ್ದರಂತೆ. ಊರವರು ಚೆಂಗಲ್ಪಟ್ಟಿನ ಕಲೆಕ್ಟರ್ ಲಯನೆಲ್ ಪ್ಲೇಸ್ ಹತ್ತಿರ ದೂರು ಒಯ್ದರು. ಆತ ಒಂದು ಕೌಲು ಬರೆದುಕೊಟ್ಟ: ಈ ಕೆರೆಯ ಹಕ್ಕಿಗಳನ್ನ ಕಾಪಾಡುವ ಹಕ್ಕು ಊರಿನದು, ಹೊರಗಿನವರು ಹೊಡೆಯುವಂತಿಲ್ಲ. ನಮ್ಮಲ್ಲಿ ವನ್ಯಜೀವಿ ಕಾಯ್ದೆ ಬಂದದ್ದು 1972ರಲ್ಲಿ. ಅದಕ್ಕೆ 174 ವರ್ಷ ಮೊದಲು ಒಂದು ಹಳ್ಳಿ ಹೋಗಿ ಲಿಖಿತ ಆದೇಶ ತಂದಿದೆ. ಆ ಜನ ಕೇಳಿದ್ದು ಕರುಣೆಯನ್ನಲ್ಲ, ಹಕ್ಕುಪತ್ರವನ್ನ.

ಇದೇ ಲಯನೆಲ್ ಪ್ಲೇಸ್‌ನ ಇನ್ನೊಂದು ಮುಖ ನೋಡೋಕೆ ಮದುರಾಂತಕಕ್ಕೆ ಬರಬೇಕು. ವೇಡಂತಾಂಗಲ್‌ನಿಂದ ಹೆಚ್ಚು ದೂರವಿಲ್ಲ, ವಾಪಸ್ ಹೈವೇಗೆ ಬಂದು ಸ್ವಲ್ಪ ದಕ್ಷಿಣಕ್ಕೆ ಹೋದರಾಯ್ತು. ಮದುರಾಂತಕ, ಅಂದರೆ ಮಧುರೆಗೆ ಅಂತಕ, ಯಮ. ಪಾಂಡ್ಯರನ್ನ ಗೆದ್ದ ಚೋಳರ ಬಿರುದು ಇದು. ಊರಿನ ಕೆರೆ ಹೈವೇಯಿಂದಲೇ ಕಾಣತ್ತೆ, ಈ ಜಿಲ್ಲೆಯ ಅತಿ ದೊಡ್ಡ ಕೆರೆಗಳಲ್ಲಿ ಒಂದು. ಅದರ ಪಕ್ಕದ ದೇವರ ಹೆಸರು ಏರಿ ಕಾತ್ತ ರಾಮರ್. ಕನ್ನಡದಲ್ಲಿ ಹೇಳಬೇಕು ಅಂದರೆ ‘ಕೆರೆ ಕಾಯ್ದ ರಾಮ’. ದೇವರಿಗೆ ಇಂಥ ನೌಕರಿಯ ಹೆಸರು ಬೇರೆ ಕಡೆ ನಾನು ಕೇಳಿಲ್ಲ.

ಕತೆ ಹೀಗಿದೆ. ಮಳೆಗಾಲ ಬಂತು ಅಂದರೆ ಈ ಕೆರೆಯ ಕಟ್ಟೆ ಒಡೆಯುತ್ತಿತ್ತು. ಪ್ಲೇಸ್ ಖರ್ಚು ಮಾಡಿ ರಿಪೇರಿ ಮಾಡಿಸಿದ. ದೇವಸ್ಥಾನದವರು ಅಮ್ಮನವರ ಗುಡಿಗೆ ಸಹಾಯ ಕೇಳಿದಾಗ, “ಮೊದಲು ನಿಮ್ಮ ದೇವರು ಕಟ್ಟೆ ಉಳಿಸಲಿ, ಆಮೇಲೆ ನೋಡೋಣ” ಅನ್ನೋ ಅರ್ಥದಲ್ಲಿ ಕುಟುಕಿದನಂತೆ. ಒಂದು ರಾತ್ರಿ ಭಾರಿ ಮಳೆ. ಕಟ್ಟೆ ನೋಡೋಕೆ ಹೋದ ಕಲೆಕ್ಟರಿಗೆ ಕಂಡದ್ದು ಬಿಲ್ಲುಬಾಣ ಹಿಡಿದು ಕಟ್ಟೆಯ ಮೇಲೆ ಕಾವಲು ನಿಂತ ಇಬ್ಬರು ತೇಜಸ್ವಿ ಯುವಕರು. ಬೆಳಗಾದಾಗ ಕಟ್ಟೆ ಗಟ್ಟಿಯಾಗಿತ್ತು. ಆತ ಗುಡಿ ಕಟ್ಟಿಸಿಕೊಟ್ಟ. ದೃಶ್ಯ ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಗುಡಿಯಲ್ಲಿ ಕಲೆಕ್ಟರ್ ಪ್ಲೇಸ್ ಹೆಸರು ಕೊರೆದ ತಮಿಳು ಕಲ್ಲು ಮಾತ್ರ ನಿಜವಾಗಿಯೂ ಇದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಮೇಲುಕೋಟೆ, ತೊಣ್ಣೂರಿನ ಕಡೆಯವರಿಗೆ ರಾಮಾನುಜರು ಮನೆಯ ಹೆಸರು. ಅವರಿಗೆ ಪೆರಿಯ ನಂಬಿಗಳು ಪಂಚಸಂಸ್ಕಾರ ಮಾಡಿದ್ದು ಇದೇ ಮದುರಾಂತಕದ ಗುಡಿಯ ಬಕುಳದ ಮರದ ಕೆಳಗೆ ಅಂತ ಶ್ರೀವೈಷ್ಣವ ಸಂಪ್ರದಾಯ ಹೇಳತ್ತೆ. ಮುಂದೆ ಹೊಯ್ಸಳರ ನಾಡಿಗೆ ಬಂದಾಗ ತೊಣ್ಣೂರು ಕೆರೆಯ ಜೊತೆಗೂ ಅವರ ಹೆಸರು ಸೇರಿಕೊಂಡಿತು. ಕೆರೆಯ ದಡದಿಂದ ಕೆರೆಯ ದಡಕ್ಕೆ.

ಕಲೆಕ್ಟರ್ ವಿಷಯಕ್ಕೆ ಬರೋಣ. ಒಬ್ಬ ಬ್ರಿಟಿಷ್ ಅಧಿಕಾರಿಗೆ ಕೆರೆ ಕಟ್ಟೆಯ ಮೇಲೆ ಇಷ್ಟು ಕಾಳಜಿ ಯಾಕೆ? ಉತ್ತರ ಸಪ್ಪೆಯಾಗಿದೆ: ಕಂದಾಯ. ಕೆರೆ ಒಡೆದರೆ ಭತ್ತ ಇಲ್ಲ, ಭತ್ತ ಇಲ್ಲದಿದ್ದರೆ ವಸೂಲಿ ಇಲ್ಲ. ಆರ್ಕಾಟಿನ ನವಾಬ 1763ರಲ್ಲಿ ಈ ಸೀಮೆಯನ್ನ ಜಹಗೀರಾಗಿ ಕಂಪನಿಗೆ ಬಿಟ್ಟುಕೊಟ್ಟಿದ್ದ. 1794ರಲ್ಲಿ ಪ್ಲೇಸ್ ಇಲ್ಲಿಗೆ ಬರುವ ಹೊತ್ತಿಗೆ ನಾಡು ಚಿಂದಿಯಾಗಿತ್ತು.

ಚಿಂದಿ ಮಾಡಿದ್ದರಲ್ಲಿ ನಮ್ಮವರ ಕೈ ಸಾಕಷ್ಟಿದೆ. 1780ರಲ್ಲಿ ಹೈದರಾಲಿಯ ಸೈನ್ಯ ಘಾಟಿ ಇಳಿದು ಬಂದದ್ದು ಇದೇ ಬಯಲಿಗೆ. ಸೆಪ್ಟೆಂಬರ್ 10ರಂದು ಕಂಚಿಯ ಹತ್ತಿರ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಸೇರಿ ಕರ್ನಲ್ ಬೇಲಿಯ ಪಡೆಯನ್ನ ನುಚ್ಚುನೂರು ಮಾಡಿದರು. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಆ ದೊಡ್ಡ ಚಿತ್ರ ಇದೆಯಲ್ಲ, ನಾವೆಲ್ಲ ಸ್ಕೂಲ್ ಟ್ರಿಪ್ಪಿನಲ್ಲಿ ನೋಡಿದ್ದೀವಿ, ಅದೇ ಯುದ್ಧ. ಆ ಚಿತ್ರದಲ್ಲಿ ಆನೆ ಇದೆ, ಕುದುರೆ ಇದೆ, ಪಲ್ಲಕ್ಕಿಯಲ್ಲಿ ಕೂತ ಬೇಲಿ ಇದ್ದಾನೆ. ಈ ಸೀಮೆಯ ರೈತ ಇಲ್ಲ. ಯುದ್ಧದ ದಾರಿಯಲ್ಲಿದ್ದ ಹಳ್ಳಿಗಳು ಬರಿದಾದವು, ಜನ ಊರು ಬಿಟ್ಟರು, ಕೆರೆ ಹೂಳೆತ್ತೋಕೆ ಕೈಗಳೇ ಉಳಿಯಲಿಲ್ಲ. ಚಿತ್ರವನ್ನ ಹೆಮ್ಮೆಯಿಂದ ನೋಡಿದವನು ನಾನು. ಇಲ್ಲಿಗೆ ಬಂದ ಮೇಲೆ ಆ ಗೋಡೆಯ ಇನ್ನೊಂದು ಬದಿ ನೋಡಿದ ಹಾಗಾಯ್ತು.

ಈ ಯುದ್ಧಕ್ಕೆ ಮೊದಲಿನ ನಾಡು ಹೇಗಿತ್ತು ಅನ್ನೋದಕ್ಕೆ ಅಪರೂಪದ ಸಾಕ್ಷಿ ಇದೆ. ಥಾಮಸ್ ಬರ್ನಾರ್ಡ್ ಅನ್ನೋ ಎಂಜಿನಿಯರ್ 1767ರಿಂದ 1774ರ ತನಕ ಈ ಜಹಗೀರಿನ ಸುಮಾರು 2000 ಹಳ್ಳಿಗಳ ಸರ್ವೆ ಮಾಡಿದ. ಮನೆ ಎಷ್ಟು, ಯಾವ ಕಸುಬಿನವರು, ಕೆರೆ ಎಷ್ಟು, ಯಾರಿಗೆ ಎಷ್ಟು ಮಾನ್ಯ ಭೂಮಿ ಅಂತೆಲ್ಲ. ಬಹುಕಾಲ ಧೂಳು ಹಿಡಿದಿದ್ದ ಈ ದಾಖಲೆಗಳ ಮಹತ್ವವನ್ನ ಜನರ ಮುಂದಿಟ್ಟವರು ಧರ್ಮಪಾಲರು. ಇದರಲ್ಲಿ ನನ್ನ ಕಣ್ಣು ನಿಂತದ್ದು ಹಂಚಿಕೆಯ ಕ್ರಮದ ಮೇಲೆ. ಕಣದಲ್ಲಿ ರಾಶಿ ಬಿದ್ದ ಮೇಲೆ ರಾಜನಿಗೆ ಎಷ್ಟು, ರೈತನಿಗೆ ಎಷ್ಟು ಅನ್ನುವ ಮೊದಲೇ ಊರಿನ ಕೆಲಸಗಳಿಗೆ ಪಾಲು ತೆಗೆದಿಡ್ತಿದ್ದರು. ಅದರಲ್ಲಿ ನೀರು ನೋಡುವವನ ಪಾಲೂ ಸೇರಿತ್ತು. ಅಂದರೆ ಮೆಂಟೆನೆನ್ಸ್ ಬಜೆಟ್ ಮೊದಲು, ಲಾಭ ಆಮೇಲೆ. ನಮ್ಮ ಯಾವ ಪ್ರಾಜೆಕ್ಟಿನಲ್ಲಿ ಹೀಗೆ ಮಾಡ್ತಾರೆ ಹೇಳಿ? ಕಂಪನಿ ಸರ್ಕಾರ ಬೇರೂರಿದ ಹಾಗೆ ಈ ಪಾಲುಗಳು ಸೊರಗಿ, ಕಂದಾಯವೇ ಮೊದಲಾಯಿತು. ಆಮೇಲೆ ಕೆರೆ ಕೆಲಸಕ್ಕೆ ಜನ ಬರ್ತಿಲ್ಲ ಅಂತ 1858ರಲ್ಲಿ ಮದ್ರಾಸಿನಲ್ಲಿ ಕಡ್ಡಾಯ ದುಡಿಮೆಯ ಕಾಯ್ದೆಯನ್ನೇ ತಂದರು. ಪಾಲು ಕಿತ್ತುಕೊಂಡು ಕೆಲಸ ಕೇಳಿದರೆ ಯಾರು ಬರ್ತಾರೆ?

ಸರಿ, ಈ ಪಾಲಿನ ಪದ್ಧತಿ ಎಷ್ಟು ಹಳೆಯದು? ಅದಕ್ಕೆ ಉತ್ತಿರಮೇರೂರು. ವೇಡಂತಾಂಗಲ್‌ನ ಪಶ್ಚಿಮಕ್ಕಿದೆ, ಕಂಚಿಗೆ ಹೋಗುವ ದಾರಿ. ಕಾರಿನಲ್ಲಿ ಹೋದರೆ ಗಂಟೆಯೊಳಗಿನ ಹಾದಿ. ಬಸ್ ಸ್ಟ್ಯಾಂಡ್, ಮೊಬೈಲ್ ಅಂಗಡಿ, ಜ್ಯೂಸ್ ಅಂಗಡಿಗಳ ಮಧ್ಯೆ ವೈಕುಂಠಪೆರುಮಾಳ್ ಗುಡಿ. ಮೊದಲ ನೋಟಕ್ಕೆ ಏನೂ ಅನ್ನಿಸಲ್ಲ. ಹಂಪಿ, ಬೇಲೂರು ನೋಡಿ ಬೆಳೆದ ಕಣ್ಣಿಗೆ ಇದು ಬಡ ಕಟ್ಟಡ. ಬಗ್ಗಿ ತಳಪಾಯದ ಕಲ್ಲುಗಳನ್ನ ನೋಡಿ. ಹಳೆಯ ತಮಿಳು ಮತ್ತು ಗ್ರಂಥ ಲಿಪಿಯಲ್ಲಿ ಸಾಲುಸಾಲಾಗಿ ಅಕ್ಷರ. ಇದು ಊರಿನ ಸಭೆ ಸೇರುತ್ತಿದ್ದ ಮಂಟಪ. ಗೋಡೆಯೇ ನೋಟಿಸ್ ಬೋರ್ಡು.

ಚೋಳ ಒಂದನೆಯ ಪರಾಂತಕನ 12 ಮತ್ತು 14ನೆಯ ಆಳ್ವಿಕೆಯ ವರ್ಷದ, ಅಂದರೆ 919 ಮತ್ತು 921ರ ಸುಮಾರಿನ ಎರಡು ಶಾಸನಗಳಿಂದ ಈ ಊರು ಪ್ರಸಿದ್ಧ. ಊರಿನ ಸಮಿತಿಗಳಿಗೆ ಜನರನ್ನ ಹೇಗೆ ಆರಿಸಬೇಕು ಅನ್ನೋ ನಿಯಮಾವಳಿ ಅದು. ಮೊದಲನೆಯದು ಹೊರಟ ಎರಡೇ ವರ್ಷಕ್ಕೆ ಎರಡನೆಯದು ಬಂದಿದೆ, ಇನ್ನೂ ಬಿಗಿಯಾಗಿ. ಮೊದಲು ವಯಸ್ಸಿನ ಮಿತಿ 30ರಿಂದ 60 ಇತ್ತು, ಆಮೇಲೆ 35ರಿಂದ 70 ಮಾಡಿದರು. ಮೊದಲ ವರ್ಷನ್ನಿನಲ್ಲಿ ಯಾರೋ ಸಂದು ಹುಡುಕಿರಬೇಕು ಅನ್ನೋದು ನನ್ನ ಊಹೆ.

ಊರಿನಲ್ಲಿ 30 ಕುಡುಂಬು, ಅಂದರೆ ವಾರ್ಡು. ಪ್ರತಿ ವಾರ್ಡಿನಿಂದ ಅರ್ಹರ ಹೆಸರು ಓಲೆಗರಿಯ ಚೀಟಿಯಲ್ಲಿ ಬರೆದು ಕೊಡಕ್ಕೆ ಹಾಕೋದು. ಇದಕ್ಕೆ ಕುಡವೋಲೈ ಅಂತ ಹೆಸರು. ಕೊಡ, ಓಲೆ. ಅನುವಾದವೇ ಬೇಡ ನಮಗೆ. ಆ ದಿನ ಹಿರಿಯರು ಕಿರಿಯರು ಎಲ್ಲರೂ ಸಭೆಯಲ್ಲಿರಬೇಕು. ಊರಿನಲ್ಲಿರುವ ಅರ್ಚಕರು ಒಬ್ಬರೂ ತಪ್ಪಿಸಿಕೊಳ್ಳುವಂತಿಲ್ಲ. ಅವರಲ್ಲಿ ಹಿರಿಯರೊಬ್ಬರು ಕೊಡವನ್ನ ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡೀಬೇಕು. ಒಳಗೇನಿದೆ ಅಂತ ತಿಳಿಯದ ಒಬ್ಬ ಸಣ್ಣ ಹುಡುಗ ಚೀಟಿ ತೆಗೀಬೇಕು. ಅದನ್ನ ಪಡೆಯುವ ಮಧ್ಯಸ್ಥ ಐದೂ ಬೆರಳು ಅಗಲಿಸಿದ ಅಂಗೈಯಲ್ಲಿ ತಗೋಬೇಕು, ಕೈಚಳಕಕ್ಕೆ ಜಾಗ ಇರಬಾರದು ಅಂತ. ಅವನು ಗಟ್ಟಿಯಾಗಿ ಓದಬೇಕು, ಅಲ್ಲಿರುವ ಅರ್ಚಕರೆಲ್ಲ ಮತ್ತೆ ಓದಬೇಕು. ನಂಬಿಕೆ ಇದ್ದ ಕಡೆ ಇಷ್ಟೆಲ್ಲ ಬರೆಯೋದಿಲ್ಲ. ಇದನ್ನ ಬರೆದವರಿಗೆ ತಮ್ಮ ಅಕ್ಕಪಕ್ಕದವರ ಪರಿಚಯ ಚೆನ್ನಾಗಿತ್ತು.

ಯಾರು ನಿಲ್ಲಬಹುದು? ಕಾಲು ವೇಲಿಗಿಂತ ಹೆಚ್ಚು ಕಂದಾಯ ಕಟ್ಟುವ ಭೂಮಿ ಇರಬೇಕು. ಒಂದು ವೇಲಿ ಅಂದರೆ ಸುಮಾರು ಆರೂವರೆ ಎಕರೆ. ಸ್ವಂತ ಜಾಗದಲ್ಲಿ ಕಟ್ಟಿದ ಮನೆ ಇರಬೇಕು. ವೇದಶಾಸ್ತ್ರ ಓದಿರಬೇಕು, ಹೆಚ್ಚು ಓದಿದವನಿಗೆ ಭೂಮಿಯ ಷರತ್ತಿನಲ್ಲಿ ಅರ್ಧ ರಿಯಾಯಿತಿ. ಹಿಂದಿನ ಮೂರು ವರ್ಷದಲ್ಲಿ ಯಾವ ಸಮಿತಿಯಲ್ಲೂ ಇದ್ದಿರಬಾರದು. ಮತ್ತೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು: ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನು ನಿಲ್ಲುವಂತಿಲ್ಲ. ಅವನೊಬ್ಬನೇ ಅಲ್ಲ, ಅವನ ಅಪ್ಪ, ಮಗ, ಅಣ್ಣತಮ್ಮ, ಮಾವ, ಅಳಿಯ ಅಂತ ದೊಡ್ಡ ಪಟ್ಟಿಯನ್ನೇ ಕೊಟ್ಟು ಯಾರೂ ನಿಲ್ಲುವಂತಿಲ್ಲ ಅಂತ ಕಲ್ಲಿನಲ್ಲಿ ಹೊಡೆದಿದ್ದಾರೆ.

ಹೀಗೆ ಬಂದ 30 ಜನರಲ್ಲಿ 12 ಜನ ವರ್ಷದ ಸಮಿತಿಗೆ, 12 ಜನ ತೋಟದ ಸಮಿತಿಗೆ, 6 ಜನ ಏರಿ ವಾರಿಯಂಗೆ. ಏರಿ ವಾರಿಯಂ, ಅಂದರೆ ಕೆರೆ ಸಮಿತಿ. ಅವಧಿ 360 ದಿನ. ವರ್ಷದ ಸಮಿತಿಗೆ ಹೋಗಬೇಕಾದವನು ಮೊದಲು ತೋಟದ ಸಮಿತಿ, ಕೆರೆ ಸಮಿತಿಗಳಲ್ಲಿ ದುಡಿದಿರಬೇಕು. ಕೆಸರು ತುಳಿದೇ ಮೇಲಕ್ಕೆ ಬರಬೇಕು ಅಂತ. ಈ ಊರಿನ ದೊಡ್ಡ ಕೆರೆಗೆ ವೈರಮೇಘ ತಟಾಕ ಅಂತ ಹೆಸರು. ಪಲ್ಲವರ ಕಾಲದಿಂದಲೇ ಈ ಕೆರೆಯ ಹೂಳು ತೆಗೆಯೋಕೆ ಅಂತ ದಾನಿಗಳು ಇಟ್ಟ ಗಂಟನ್ನ ಸಭೆ ಇಟ್ಟುಕೊಂಡು, ಅದರ ಬಡ್ಡಿಯಿಂದ ಕೆಲಸ ಮಾಡಿಸೋದು ಶಾಸನಗಳಲ್ಲಿ ಬರತ್ತೆ. ಕೆರೆಗೆ ಬಿಟ್ಟ ಭೂಮಿಗೆ ಇವರು ಏರಿಪಟ್ಟಿ ಅಂತಿದ್ದರು. ನಮ್ಮ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗಿ ಅಂತ ಬರೋದು ಇದರ ಬಂಧುವೇ.

ಇದನ್ನ ಪ್ರಜಾಪ್ರಭುತ್ವದ ತೊಟ್ಟಿಲು ಅಂತೆಲ್ಲ ಭಾಷಣ ಮಾಡ್ತಾರೆ. ನಾನು ಅಷ್ಟು ದೂರ ಹೋಗಲ್ಲ. ಇದು ಬ್ರಹ್ಮದೇಯ, ಬ್ರಾಹ್ಮಣ ಭೂಮಾಲೀಕರ ಊರು. ಆ ಕೊಡದಲ್ಲಿ ಹೆಂಗಸರ ಹೆಸರಿರಲಿಲ್ಲ. ಗದ್ದೆಯಲ್ಲಿ ನಿಜವಾಗಿ ಬಗ್ಗಿ ದುಡಿದವರ ಹೆಸರಂತೂ ಇರಲೇ ಇಲ್ಲ. ಚೀಟಿ ಎತ್ತೋದು ಓಟು ಹಾಕೋದೂ ಅಲ್ಲ. ಆದರೆ ಸಾರ್ವಜನಿಕ ಹಣ ಮುಟ್ಟಿದವನು ಲೆಕ್ಕ ಕೊಡಬೇಕು, ಕೊಡದಿದ್ದರೆ ಅವನ ಮನೆಯವರಿಗೂ ಬಾಗಿಲು ಮುಚ್ಚಿತು ಅನ್ನೋ ಮಾತನ್ನ ಸಾವಿರದ ನೂರು ವರ್ಷದ ಹಿಂದೆ ಬರೆದು ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿಟ್ಟರಲ್ಲ, ಅದು ದೊಡ್ಡದು.

ಈ ಶಾಸನಗಳಾದ ಮೂವತ್ತು ವರ್ಷದೊಳಗೆ ಕನ್ನಡ ನಾಡಿನ ಸೈನ್ಯ ಇಲ್ಲಿಗೆ ಬಂತು. 949ರಲ್ಲಿ ಅರಕ್ಕೋಣಂ ಬಳಿಯ ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣ, ಪರಾಂತಕನ ಮಗ ರಾಜಾದಿತ್ಯನನ್ನ ಎದುರಿಸಿದ. ಗಂಗ ದೊರೆ ಇಮ್ಮಡಿ ಬೂತುಗ ಆನೆಯ ಮೇಲಿದ್ದ ರಾಜಾದಿತ್ಯನನ್ನ ಕೊಂದ. ಆಮೇಲೆ ಸುಮಾರು ಎರಡು ದಶಕ ಈ ತೊಂಡೈಮಂಡಲದ ಊರುಗಳ ತಮಿಳು ಶಾಸನಗಳು ‘ಕನ್ನರದೇವ’ನ ವರ್ಷಗಳನ್ನ ಎಣಿಸಿದವು. ಕಂಚಿಯನ್ನೂ ತಂಜಾವೂರನ್ನೂ ಗೆದ್ದವನು ಅಂತ ಅವನ ಬಿರುದು. ದೊರೆ ಬದಲಾದ. ಗುಡಿಗೆ, ಕೆರೆಗೆ ದಾನ ಕೊಡೋದು, ಸಭೆ ಅದನ್ನ ಬರೆಸಿಡೋದು ಮಾತ್ರ ನಡೀತಾನೇ ಇತ್ತು.

ಈ ಯುದ್ಧದ ಕನ್ನಡ ಸಾಕ್ಷಿ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ, ಆತಕೂರಿನ ಶಾಸನ. ಗೆದ್ದ ಖುಷಿಯಲ್ಲಿ ಬೂತುಗ ತನ್ನ ವೀರ ಮಣಲೆರನಿಗೆ “ಏನು ಬೇಕು ಕೇಳು” ಅಂದಾಗ ಆತ ಕೇಳಿದ್ದು ಕಾಳಿ ಅನ್ನೋ ಬೇಟೆನಾಯಿಯನ್ನ. ಆ ನಾಯಿ ಮುಂದೆ ಒಂದು ದೊಡ್ಡ ಹಂದಿಯ ಜೊತೆ ಹೋರಾಡಿ, ಎರಡೂ ಸತ್ತವು. ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿದರು, ಅದಕ್ಕೆ ಭೂಮಿ ಬಿಟ್ಟರು. ಎಲ್ಲಿಯ ಭೂಮಿ ಗೊತ್ತಾ? ದೊಡ್ಡ ಕೆರೆಯ ಕೆಳಗಿನ ಎರಡು ಖಂಡುಗ. ಚೋಳ ಯುವರಾಜನ ಸಾವು, ನಾಯಿಯ ಸಾವು, ಕೆರೆಯ ಕೆಳಗಿನ ಗದ್ದೆ, ಮೂರೂ ಒಂದೇ ಕಲ್ಲಿನ ಮೇಲೆ. ಆ ಆತಕೂರು ಮದ್ದೂರು ತಾಲ್ಲೂಕಿನಲ್ಲಿದೆ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳಿಗೆ ಹೆಸರಾದ ಕೊಕ್ಕರೆ ಬೆಳ್ಳೂರು ಇರೋದೂ ಅದೇ ತಾಲ್ಲೂಕಿನಲ್ಲಿ. ಅಲ್ಲಿ ಹಕ್ಕಿಗಳು ಊರೊಳಗಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ, ಜನ ಹಿಕ್ಕೆಯನ್ನ ಹೊಲಕ್ಕೆ ಹಾಕ್ತಾರೆ. ವೇಡಂತಾಂಗಲ್‌ನ ಲೆಕ್ಕವೇ.

ಇದೆಲ್ಲ ಹಳೇ ಕತೆ ಅನ್ನಿಸಿದರೆ ನಮ್ಮ ಕಾಲದ್ದು ಕೇಳಿ. 1998ರಲ್ಲಿ ವೇಡಂತಾಂಗಲ್ ಕೆರೆಯ ಸುತ್ತ 5 ಕಿಲೋಮೀಟರ್ ತ್ರಿಜ್ಯದ ಜಾಗವನ್ನ ಅಭಯಾರಣ್ಯ ಅಂತ ಘೋಷಿಸಿದರು. ಹಕ್ಕಿ ಮಲಗೋದು ಕೆರೆಯಲ್ಲಾದರೂ ಮೇಯೋದು ಸುತ್ತಲಿನ ಗದ್ದೆ, ಕುಂಟೆಗಳಲ್ಲಿ, ಅದಕ್ಕೆ. 2020ರಲ್ಲಿ ಈ ವ್ಯಾಪ್ತಿಯನ್ನ 3 ಕಿಲೋಮೀಟರಿಗೆ ಇಳಿಸುವ ಪ್ರಸ್ತಾವ ಎದ್ದು, ದೊಡ್ಡ ವಿರೋಧ ಆಯ್ತು. 2022ರಲ್ಲಿ ವೇಡಂತಾಂಗಲ್, ಅದರ ನೆರೆಯ ಕರಿಕ್ಕಿಲಿ, ಇತ್ತ ಓಎಂಆರ್ ಪಕ್ಕದ ಪಳ್ಳಿಕರಣೈ ಮೂರೂ ರಾಮ್ಸಾರ್ ಪಟ್ಟಿಗೆ ಸೇರಿದವು. ನಮ್ಮ ರಂಗನತಿಟ್ಟೂ ಅದೇ ವರ್ಷ ಸೇರಿತು.

ಪಳ್ಳಿಕರಣೈ ಅಂದಾಗ ನನ್ನ ದನಿ ಸ್ವಲ್ಪ ಇಳಿಯತ್ತೆ. ನಾನಿರೋದು ಅದರ ಅಂಚಿನಲ್ಲೇ. ಬಾಲ್ಕನಿಯಿಂದ ಜೊಂಡು ಕಾಣತ್ತೆ, ಅದೃಷ್ಟ ಇದ್ದ ದಿನ ದೂರದಲ್ಲಿ ರಾಜಹಂಸಗಳ ಗುಲಾಬಿ ಗೆರೆ. ಬ್ರೋಕರ್ ಅದನ್ನ ‘ಲೇಕ್ ವ್ಯೂ’ ಅಂತ ಮಾರಿದ್ದ. ಆ ಜೌಗು ಒಂದು ಕಾಲಕ್ಕೆ ದಕ್ಷಿಣ ಚೆನ್ನೈನ ಎಷ್ಟೋ ಏರಿಗಳ ಕೋಡಿ ನೀರನ್ನ ಕುಡಿದು ಸಮುದ್ರಕ್ಕೆ ಬಿಡ್ತಿತ್ತು. ಇವತ್ತು ಅದರ ಬಹುಪಾಲಿನ ಮೇಲೆ ರಸ್ತೆ, ಕಸದ ಗುಡ್ಡ, ಟೆಕ್ ಪಾರ್ಕು, ನಮ್ಮಂಥವರ ಮನೆಗಳು. 2015ರ ಡಿಸೆಂಬರಿನಲ್ಲಿ ಇಲ್ಲಿ ರಸ್ತೆಯ ಮೇಲೆ ದೋಣಿ ಓಡಿದವು. ಆಗ ಇಲ್ಲಿದ್ದ ನಮ್ಮ ಟೀಮಿನವರು ಮೊದಲ ಮಹಡಿಯಿಂದ ದೋಣಿಗೆ ಇಳಿದದ್ದನ್ನ ಈಗಲೂ ಹೇಳ್ತಾರೆ. ಈ ಜೌಗಿಗೆ ಸರ್ಕಾರಿ ಇಲಾಖೆಗಳು ಹಲವು. ಆದರೆ ಇದರ ನೀರು ನನ್ನದು, ಇದು ಕೆಟ್ಟರೆ ನನ್ನ ಅನ್ನ ಕೆಡತ್ತೆ ಅನ್ನೋ ಆರು ಜನ ಇಲ್ಲ. ನಮ್ಮ ಅಪಾರ್ಟ್‌ಮೆಂಟಿನ ಸಭೆಯಲ್ಲಿ ಮಳೆನೀರಿನ ಕಾಲುವೆ ನೋಡಿಕೊಳ್ಳೋಕೆ ಯಾರು ಬರ್ತೀರಿ ಅಂದರೆ ಎಲ್ಲರೂ ಫೋನ್ ನೋಡ್ತಾರೆ. ಹೋದ ಸಲ ನಾನು ಕುಡವೋಲೈ ಮಾಡೋಣ, ಪ್ಲಾಸ್ಟಿಕ್ ಬಕೆಟ್ಟೇ ಸಾಕು ಅಂದೆ. ನಕ್ಕರು. ಆಮೇಲೆ ಚೀಟಿ ಎತ್ತಿಸಿದರು, ಎರಡನೇ ಮಹಡಿಯ ಯುಕೆಜಿ ಹುಡುಗನ ಕೈಯಲ್ಲಿ. ಮೂರು ಹೆಸರು ಬಂತು, ಒಂದು ನನ್ನದು. ನವೆಂಬರಿಗೆ ಮೊದಲು ಎರಡು ಕಾಲುವೆಯ ಹೂಳು ತೆಗೆಸಿ ಖರ್ಚಿನ ಪಟ್ಟಿಯನ್ನ ಲಿಫ್ಟಿನ ಪಕ್ಕ ಅಂಟಿಸಿದ್ದೀವಿ.

ಹೋಗೋರಿಗೆ ಎರಡು ಮಾತು. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆ ಚೆನ್ನಾಗಿ ಆದ ವರ್ಷ ಮಾತ್ರ ಹೋಗಿ, ಕೆರೆ ತುಂಬದ ವರ್ಷ ಹಕ್ಕಿ ಬೇರೆ ಕಡೆ ಹೋಗತ್ತೆ. ಬೆಳಗ್ಗೆ ಬೇಗ ವೇಡಂತಾಂಗಲ್, ಹತ್ತು ಗಂಟೆಗೆ ಮದುರಾಂತಕ, ಊಟದ ಹೊತ್ತಿಗೆ ಉತ್ತಿರಮೇರೂರು. ಬೈನಾಕ್ಯುಲರ್ ಒಯ್ಯಿರಿ, ಸ್ಪೀಕರ್ ಬೇಡ. ಉತ್ತಿರಮೇರೂರಿನ ಸುಂದರವರದರಾಜ ಪೆರುಮಾಳ್ ಗುಡಿಯನ್ನೂ ಬಿಡಬೇಡಿ, ಮೂರು ಅಂತಸ್ತಿನಲ್ಲೂ ದೇವರಿದ್ದಾರೆ.

ಸಂಜೆ ಉಳಿದರೆ ಕಂಚಿಗೆ ಹೋಗಿ. ಅಲ್ಲಿಯ ಕೈಲಾಸನಾಥ ಗುಡಿಯ ಕಂಬದಲ್ಲಿ ಬಾದಾಮಿ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯ ಬರೆಸಿದ ಕನ್ನಡ ಶಾಸನ ಇದೆ. ಊರು ಗೆದ್ದು, ಗುಡಿಯ ಸಂಪತ್ತನ್ನ ನೋಡಿ, ಮುಟ್ಟದೆ ದೇವರಿಗೇ ವಾಪಸ್ ಬಿಟ್ಟವನು. ಅವನ ಕತೆ ಮುಂದಿನ ವೀಡಿಯೋದಲ್ಲಿ.